ತೋಳೆಂಬ ಬಂಡವಾಳ: ಮೂವರು ಎಡಗೈ ಎಸೆತಗಾರರು ಕಲಿಸುವ ಆರೋಗ್ಯಪಾಠ

ಆರೋಗ್ಯವೇ ಭಾಗ್ಯವೆಂಬ ನುಡಿ ಕನ್ನಡಿಗರ ಮನೆಮನೆಯಲ್ಲಿಯೂ ಕೇಳಿಬರುವಂಥದು. ಆದರೆ ಗಳಿಸಿದ ಹಣವನ್ನು ಲೆಕ್ಕವಿಟ್ಟು ಕಾಯುವಷ್ಟು ಎಚ್ಚರದಿಂದ ಶರೀರವನ್ನು ಕಾಯುವವರು ವಿರಳ. ಕಾರಖಾನೆಯ ಒಡೆಯನು ಒಂದು ಯಂತ್ರವನ್ನು ಕೊಂಡಾಗ, ಅದು ವರ್ಷದಿಂದ ವರ್ಷಕ್ಕೆ ಸವೆಯುತ್ತದೆಂಬುದನ್ನು ಮರೆಯುವುದಿಲ್ಲ. ಲಾಭದ ಒಂದು ಪಾಲನ್ನು ಸವಕಳಿಯ ಬಾಬ್ತಿಗೆಂದು ತೆಗೆದಿರಿಸುತ್ತಾನೆ. ತನ್ನ ಶರೀರದ ವಿಷಯದಲ್ಲಿ ಮಾತ್ರ ಮನುಷ್ಯನು ಇಂಥದೊಂದು ಬಾಬ್ತನ್ನು ತೆರೆಯುವುದೇ ಇಲ್ಲ. ಇಪ್ಪತ್ತೈದರ ಬಲ ನಲವತ್ತೈದರಲ್ಲಿಯೂ ಇದ್ದೇ ಇರುವುದೆಂದು ನಂಬಿ ದುಡಿಯುತ್ತಾನೆ; ಒಂದು ದಿನ ಕೀಲು ಹಿಡಿದುಕೊಂಡಾಗ ಬೆರಗಾಗುತ್ತಾನೆ.

ಈ ಸವಕಳಿಯು ಎಲ್ಲರ ಕಣ್ಣೆದುರಿಗೇ ನಡೆಯುವ ಒಂದು ವೃತ್ತಿಯಿದೆ. ಅದು ಅಮೆರಿಕದ ಬೇಸ್‌ಬಾಲ್ ಆಟದ ಎಸೆತಗಾರನ, ಅಂದರೆ 'ಪಿಚರ್'ನ ವೃತ್ತಿ. ಲಾಸ್ ಏಂಜಲೀಸ್ ನಗರದ 'ಡಾಜರ್ಸ್' ತಂಡದಲ್ಲಿ ಬೇರೆ ಬೇರೆ ಕಾಲದಲ್ಲಿ ಆಡಿದ ಮೂವರು ಎಡಗೈ ಎಸೆತಗಾರರು ಈ ವೃತ್ತಿಯ ಇತಿಹಾಸದಲ್ಲಿ ಹೆಸರಾಂತರು. 1966ರಲ್ಲಿ ಸ್ಯಾಂಡಿ ಕೋಫ್ಯಾಕ್ಸ್, 1974ರಲ್ಲಿ ಟಾಮಿ ಜಾನ್, 2023ರಿಂದ 2025ರವರೆಗೆ ಕ್ಲೇಟನ್ ಕರ್ಷಾ - ಈ ಮೂವರೂ ಒಂದೇ ಪ್ರಶ್ನೆಯನ್ನು ಎದುರಿಸಬೇಕಾಯಿತು. ಕೈ ಸೋತಾಗ, ಕಿರಿಯರು ಬೆನ್ನ ಹಿಂದೆಯೇ ಬಂದು ನಿಂತಾಗ, ಹಿರಿಯನ ಸ್ಥಾನವೇನು? ಮೂವರಿಗೂ ದೊರೆತ ಉತ್ತರ ಬೇರೆ ಬೇರೆ. ಆ ಉತ್ತರಗಳಲ್ಲಿ ವೈದ್ಯಶಾಸ್ತ್ರದ ಮುನ್ನಡೆಯೂ ಇದೆ, ನಗರಗಳಲ್ಲಿ ದುಡಿದು ನಲವತ್ತು ದಾಟಿದ ಪ್ರತಿಯೊಬ್ಬರಿಗೂ ಸಲ್ಲುವ ಪಾಠವೂ ಇದೆ.

ಎಸೆತಗಾರನ ಕೆಲಸ

ಕ್ರಿಕೆಟ್ ಬಲ್ಲವರಿಗೆ ಬೇಸ್‌ಬಾಲ್ ತೀರ ಅಪರಿಚಿತವಲ್ಲ. ಬೌಲರ್‌ನ ಸ್ಥಾನದಲ್ಲಿ ಇಲ್ಲಿ ಎಸೆತಗಾರನಿದ್ದಾನೆ. ಹತ್ತು ಅಂಗುಲ ಎತ್ತರದ ಮಣ್ಣಿನ ದಿಬ್ಬದ ಮೇಲೆ ನಿಂತು, 60 ಅಡಿ 6 ಅಂಗುಲ ದೂರದಲ್ಲಿರುವ ದಾಂಡಿಗನ ಕಡೆಗೆ ಚೆಂಡನ್ನು ಎಸೆಯುವುದು ಅವನ ಕೆಲಸ. ಓಡಿ ಬರುವ ಅವಕಾಶ ಅವನಿಗಿಲ್ಲ. ಚೆಂಡು ನೆಲಕ್ಕೆ ತಾಗಿ ಏಳುವುದೂ ಇಲ್ಲ. ಬೌಲರ್‌ನಂತೆ ಮೊಣಕೈಯನ್ನು ನೆಟ್ಟಗಿಡಬೇಕೆಂಬ ನಿಯಮವಿಲ್ಲದ ಕಾರಣ, ಕೈಯನ್ನು ಹಿಂದಕ್ಕೆ ಬಾಗಿಸಿ ಚಾಟಿಯಂತೆ ಬೀಸಿ ಎಸೆಯುತ್ತಾನೆ. ದಾಂಡಿಗನು ಮೂರು ಸರಿಯಾದ ಎಸೆತಗಳನ್ನು ಹೊಡೆಯಲಾರದೆ ಹೋದರೆ ಔಟಾಗುತ್ತಾನೆ. ಇದಕ್ಕೆ 'ಸ್ಟ್ರೈಕ್‌ಔಟ್' ಎಂದು ಹೆಸರು. ಎಸೆತಗಾರನ ಕೀರ್ತಿಯನ್ನು ಅಳೆಯುವ ಮುಖ್ಯ ಮಾನಗಳಲ್ಲಿ ಇದೊಂದು.

ಒಂದು ಋತುವಿನಲ್ಲಿ ಪ್ರತಿ ತಂಡವೂ 162 ಪಂದ್ಯಗಳನ್ನು ಆಡಬೇಕು. ಇಷ್ಟು ಪಂದ್ಯಗಳಲ್ಲಿ ಒಬ್ಬನೇ ಎಸೆಯುವುದು ಅಸಾಧ್ಯವಾದುದರಿಂದ ಐವರು ಅಥವಾ ಆರು ಮಂದಿ ಎಸೆತಗಾರರು ಸರದಿಯಂತೆ ಪಂದ್ಯವನ್ನು ಆರಂಭಿಸುತ್ತಾರೆ. ಉಳಿದವರು ನಡುವೆ ಬಂದು ಕೈಜೋಡಿಸುತ್ತಾರೆ. ಸರದಿಯಲ್ಲಿರುವುದೇ ಎಸೆತಗಾರನಿಗೆ ಮಾನ. ಸರದಿಯಿಂದ ಕೆಳಗಿಳಿಯುವುದೆಂದರೆ ಪದವಿಯಿಂದ ಇಳಿದಂತೆ. ಪ್ರತಿ ವರ್ಷವೂ ಇಪ್ಪತ್ತರ ಹರೆಯದ ತರುಣರು ಈ ಸರದಿಯ ಬಾಗಿಲು ತಟ್ಟುತ್ತಿರುತ್ತಾರೆ.

ಮೊಣಕೈಯೊಳಗಿನ ಒಂದು ಪಟ್ಟಿ

ಚೆಂಡಿನ ತೂಕ ಸುಮಾರು 145 ಗ್ರಾಮ್. ಕ್ರಿಕೆಟ್ ಚೆಂಡಿಗಿಂತಲೂ ಹಗುರ. ಆದರೆ ಅದನ್ನು ಗಂಟೆಗೆ 150 ಕಿಲೋಮೀಟರ್ ವೇಗದಲ್ಲಿ ಎಸೆಯುವಾಗ ಭುಜದ ಕೀಲು ತಿರುಗುವ ರಭಸವು ಮನುಷ್ಯಶರೀರದ ಚಲನೆಗಳಲ್ಲೆಲ್ಲ ಅತಿ ತೀವ್ರವಾದವುಗಳಲ್ಲಿ ಒಂದು. ಸೆಕೆಂಡಿಗೆ ಸುಮಾರು 7000 ಡಿಗ್ರಿಗಳ ಆ ವೇಗದಲ್ಲಿಯೇ ತಿರುಗುತ್ತಿದ್ದರೆ, ಒಂದೇ ಸೆಕೆಂಡಿನಲ್ಲಿ ತೋಳು ಹತ್ತೊಂಬತ್ತು ಸುತ್ತು ಹಾಕೀತು! ವಾಸ್ತವದಲ್ಲಿ ಆ ರಭಸ ಕಣ್ಣುಮಿಟುಕಿಸುವುದರೊಳಗೆ ಮುಗಿದುಹೋಗುತ್ತದೆ. ಅಷ್ಟೇ ಬೇಗ ಕೈಯನ್ನು ತಡೆದು ನಿಲ್ಲಿಸುವ ಹೊರೆಯೂ ಭುಜದ ಸ್ನಾಯುಗಳ ಮೇಲೆಯೇ ಬೀಳುತ್ತದೆ.

ಎಸೆಯುವ ಬಲವು ಕೈಯಲ್ಲಿ ಹುಟ್ಟುವುದಿಲ್ಲ. ಕಾಲಿನಲ್ಲಿ ಹುಟ್ಟಿ, ಸೊಂಟ ಮತ್ತು ನಡುವಿನ ಮೂಲಕ ಮೇಲೇರಿ, ಭುಜವನ್ನು ದಾಟಿ, ಕೊನೆಗೆ ಬೆರಳ ತುದಿಗೆ ಬರುತ್ತದೆ. ಈ ದಾರಿಯಲ್ಲಿ ಅತ್ಯಂತ ದುರ್ಬಲವಾದ ಕೊಂಡಿಯೆಂದರೆ ಮೊಣಕೈಯ ಒಳಬದಿಯಲ್ಲಿ ಮೇಲ್ದೋಳಿನ ಮೂಳೆಯನ್ನು ಮುಂದೋಳಿನ ಮೂಳೆಗೆ ಬಿಗಿದಿರುವ ಅಸ್ಥಿರಜ್ಜು. ಮೂಳೆಗೂ ಮೂಳೆಗೂ ನಡುವಿನ ಕಟ್ಟನ್ನು ಅಸ್ಥಿರಜ್ಜು ಎನ್ನುತ್ತಾರೆ. ಸ್ನಾಯುವನ್ನು ಮೂಳೆಗೆ ಕಟ್ಟುವುದು ಸ್ನಾಯುರಜ್ಜು. ಜೋರಾದ ಒಂದೊಂದು ಎಸೆತದಲ್ಲಿಯೂ ಈ ಪುಟ್ಟ ಪಟ್ಟಿಯ ಮೇಲೆ ಬೀಳುವ ಎಳೆತವು ಅದು ತಾಳಬಲ್ಲ ಮಿತಿಯ ಸಮೀಪಕ್ಕೆ ಹೋಗುತ್ತದೆ. ಸುತ್ತಲಿನ ಸ್ನಾಯುಗಳು ಭಾರವನ್ನು ಹಂಚಿಕೊಳ್ಳುವುದರಿಂದಲೇ ಅದು ಉಳಿಯುತ್ತದೆ. ಸ್ನಾಯುಗಳು ದಣಿದಾಗ ಪಟ್ಟಿಯು ಎಳೆಎಳೆಯಾಗಿ ಸವೆಯತೊಡಗುತ್ತದೆ. ಅದಕ್ಕೆ ರಕ್ತದ ಪೂರೈಕೆ ಕಡಿಮೆ. ಆದುದರಿಂದ ಚರ್ಮದ ಗಾಯ ಮಾಯುವಂತೆ ಅದು ಬೇಗ ಮಾಯುವುದಿಲ್ಲ.

ಕೋಫ್ಯಾಕ್ಸ್: ತುತ್ತತುದಿಯಲ್ಲಿ ವಿದಾಯ

1960ರ ದಶಕದಲ್ಲಿ ಸ್ಯಾಂಡಿ ಕೋಫ್ಯಾಕ್ಸ್‌ಗೆ ಸಮನಾದ ಎಸೆತಗಾರರು ಇರಲಿಲ್ಲವೆಂದರೆ ಅತಿಶಯೋಕ್ತಿಯಾಗದು. 1965ರ ಋತುವಿನಲ್ಲಿ ಆತ 382 ಸ್ಟ್ರೈಕ್‌ಔಟ್‌ಗಳನ್ನು ಪಡೆದ. 1965 ಮತ್ತು 1966ರಲ್ಲಿ, ಒಂದೊಂದು ವರ್ಷವೂ 27 ಪಂದ್ಯಗಳನ್ನು ಬೇರಾರ ನೆರವೂ ಇಲ್ಲದೆ ಮೊದಲಿನಿಂದ ಕೊನೆಯವರೆಗೆ ಒಬ್ಬನೇ ಎಸೆದು ಮುಗಿಸಿದ. 1966ರಲ್ಲಿ ಆತನದು 27 ಜಯ, 9 ಸೋಲು.

ಈ ವೈಭವದ ಹಿಂದೆ ಒಂದು ಯಾತನೆಯಿತ್ತು. ಆತನ ಎಡ ಮೊಣಕೈಯಲ್ಲಿ ಸಂಧಿವಾತ ನೆಲೆಸಿತ್ತು. ಪಂದ್ಯದ ಮೊದಲು ಉರಿಯುವ ಮುಲಾಮು, ಪಂದ್ಯದ ನಂತರ ಮಂಜುಗಡ್ಡೆಯ ನೀರಿನಲ್ಲಿ ಕೈ, ನಡುನಡುವೆ ಕೀಲಿಗೆ ಕಾರ್ಟಿಸೋನ್ ಚುಚ್ಚುಮದ್ದು, ನೋವಡಗಿಸಲು ಬ್ಯುಟಜಾಲಿಡಿನ್ ಗುಳಿಗೆ - ಇದೇ ಅಂದಿನ ಚಿಕಿತ್ಸೆ. ಆ ಗುಳಿಗೆಯು ರಕ್ತಕ್ಕೆ ಹಾನಿ ಮಾಡಬಲ್ಲದೆಂಬ ಕಾರಣದಿಂದ ಮುಂದೆ ಅಮೆರಿಕದಲ್ಲಿ ಮನುಷ್ಯರ ಬಳಕೆಯಿಂದ ಅದನ್ನು ಹಿಂತೆಗೆಯಲಾಯಿತು. ಪ್ರಾಣಿಗಳ ಚಿಕಿತ್ಸೆಯಲ್ಲಿ ಮಾತ್ರ ಉಳಿಯಿತು. ಕೈ ಪೂರ್ತಿ ನೆಟ್ಟಗಾಗದೆ, ಕೋಟಿನ ಎಡತೋಳನ್ನು ಗಿಡ್ಡ ಮಾಡಿಸಿಕೊಳ್ಳಬೇಕಾಯಿತು.

1966ರ ನವೆಂಬರ್ 18ರಂದು, ಮೂವತ್ತನೆಯ ವಯಸ್ಸಿನಲ್ಲಿ, ಕೋಫ್ಯಾಕ್ಸ್ ನಿವೃತ್ತಿಯನ್ನು ಘೋಷಿಸಿದ. ಉಳಿದ ಬಾಳಿನಲ್ಲಿ ಕೈ ಉಪಯೋಗಕ್ಕೆ ಬರಬೇಕೆಂಬ ವಿವೇಕವೇ ಆ ತೀರ್ಮಾನದ ಮೂಲ. ಅದೇ ವರ್ಷ ತಂಡಕ್ಕೆ ಸೇರಿದ್ದ ಇಪ್ಪತ್ತೊಂದರ ತರುಣ ಡಾನ್ ಸಟನ್ ಮುಂದೆ ತನ್ನ ಆಟಗಾರಿಕೆಯಲ್ಲಿ 324 ಪಂದ್ಯಗಳನ್ನು ಗೆದ್ದ. ತಂಡ ನಡೆಯಿತು, ಹಿರಿಯನಿಗೆ ಮಾತ್ರ ವೈದ್ಯರಲ್ಲಿ ಬೇರೆ ಮದ್ದಿರಲಿಲ್ಲ. ಮೂವತ್ತಾರನೆಯ ವಯಸ್ಸಿಗೆ, 1972ರಲ್ಲಿ, ಆತ ಬೇಸ್‌ಬಾಲಿನ ಕೀರ್ತಿಮಂದಿರವನ್ನು ಪ್ರವೇಶಿಸಿದ. ಅಷ್ಟು ಎಳೆಯ ವಯಸ್ಸಿನಲ್ಲಿ ಆ ಗೌರವ ಪಡೆದ ಆಟಗಾರ ಬೇರೊಬ್ಬನಿಲ್ಲ. ಇತರರು ಇನ್ನೂ ಆಡುತ್ತಿರುವ ವಯಸ್ಸಿನಲ್ಲಿ ಆತನ ಆಟ ಇತಿಹಾಸವಾಗಿತ್ತು.

ಟಾಮಿ ಜಾನ್: ಒಂದು ವರ್ಷದ ತಾಳ್ಮೆ

1974ರ ಜುಲೈ 17ರಂದು ಅದೇ ಮೈದಾನದಲ್ಲಿ ಮಾಂಟ್ರಿಯಲ್ ತಂಡದ ಎದುರು ಎಸೆಯುತ್ತಿದ್ದಾಗ ಟಾಮಿ ಜಾನ್‌ನ ಎಡ ಮೊಣಕೈಯ ಅಸ್ಥಿರಜ್ಜು ಹರಿಯಿತು. ಆ ಋತುವಿನಲ್ಲಿ ಆತ ಅದುವರೆಗೆ 13 ಪಂದ್ಯಗಳನ್ನು ಗೆದ್ದು ಮೂರನ್ನು ಮಾತ್ರ ಸೋತಿದ್ದ. ವಯಸ್ಸು ಮೂವತ್ತೊಂದು. ಹಿಂದಿನ ಅನುಭವದಂತೆ ನೋಡಿದರೆ ಆತನ ಆಟ ಅಲ್ಲಿಗೆ ಮುಗಿದಂತೆಯೇ.

ತಂಡದ ವೈದ್ಯ ಡಾ. ಫ್ರ್ಯಾಂಕ್ ಜೋಬ್ ಒಂದು ಹೊಸ ಪ್ರಯೋಗಕ್ಕೆ ಮನಸ್ಸು ಮಾಡಿದರು. ಪೋಲಿಯೋ ರೋಗಿಗಳ ಕೈಗಳಲ್ಲಿ ಸ್ನಾಯುರಜ್ಜುವನ್ನು ಒಂದೆಡೆಯಿಂದ ಇನ್ನೊಂದೆಡೆಗೆ ಸಾಗಿಸುವ ಶಸ್ತ್ರಕ್ರಿಯೆ ಆಗಲೇ ರೂಢಿಯಲ್ಲಿತ್ತು. ಅದೇ ತತ್ತ್ವವನ್ನು ಎಸೆತಗಾರನ ಮೊಣಕೈಗೆ ಅನ್ವಯಿಸಿದರೆ? 1974ರ ಸೆಪ್ಟೆಂಬರ್ 25ರಂದು ಜೋಬ್ ಅವರು ಟಾಮಿ ಜಾನ್‌ನ ಬಲ ಮುಂದೋಳಿನಿಂದ ಒಂದು ಸ್ನಾಯುರಜ್ಜುವನ್ನು ತೆಗೆದರು. ಅದನ್ನು ತೆಗೆದರೂ ಕೈಯ ಕೆಲಸಕ್ಕೆ ಹೇಳಿಕೊಳ್ಳುವಂಥ ಕೊರತೆಯಾಗುವುದಿಲ್ಲ. ಕೆಲವರಿಗಂತೂ ಅದು ಹುಟ್ಟಿನಿಂದಲೇ ಇರುವುದಿಲ್ಲ. ಎಡ ಮೊಣಕೈಯ ಎರಡೂ ಮೂಳೆಗಳಲ್ಲಿ ರಂಧ್ರ ಕೊರೆದು, ಹಗ್ಗವನ್ನು ಪೋಣಿಸುವಂತೆ ಆ ಎಳೆಯನ್ನು ಪೋಣಿಸಿ ಬಿಗಿದರು. ಮತ್ತೆ ಮೊದಲಿನಂತೆ ಆಡುವ ಸಂಭವ ನೂರಕ್ಕೆ ಒಂದೆಂದು ಅವರೇ ಅಂದಾಜು ಮಾಡಿದ್ದರು.

ಶಸ್ತ್ರಕ್ರಿಯೆ ಯಶಸ್ವಿಯಾದರೂ ಕೈಯ ನರಕ್ಕೆ ತೊಂದರೆಯಾಗಿ ಬೆರಳುಗಳು ಮರಗಟ್ಟಿದವು. ಡಿಸೆಂಬರಿನಲ್ಲಿ ಇನ್ನೊಂದು ಶಸ್ತ್ರಕ್ರಿಯೆ ನಡೆಯಿತು. ನರವು ಮತ್ತೆ ಬೆಳೆಯುವುದು ಬಹಳ ನಿಧಾನ. ಅದನ್ನು ಅವಸರಪಡಿಸುವ ಔಷಧವಿಲ್ಲ. ಕಸಿಮಾಡಿದ ಎಳೆಯೂ ಹಾಗೆಯೇ. ಮೊದಲು ಅದು ಕೇವಲ ಹೊಲಿದ ದಾರ. ಅದರೊಳಗೆ ರಕ್ತನಾಳಗಳು ಹೊಕ್ಕು, ಹೊಸ ಜೀವಕೋಶಗಳು ನೆಲೆಸಿ, ತಿಂಗಳುಗಳ ಅನಂತರ ನಿಜವಾದ ಅಸ್ಥಿರಜ್ಜುವಿನ ಗುಣವನ್ನು ಪಡೆಯುತ್ತದೆ. ಇದಕ್ಕೆ ಹೆಚ್ಚುಕಡಿಮೆ ಒಂದು ವರ್ಷ ಬೇಕು.

ಈ ನಡುವೆ ತಂಡ ಸುಮ್ಮನೆ ಕುಳಿತಿರಲಿಲ್ಲ. 1974ರಲ್ಲಿ ಆತನಿಲ್ಲದೆಯೇ ಅಂತಿಮ ಸರಣಿಯವರೆಗೆ ಮುಟ್ಟಿತು. 1975ರಲ್ಲಿ ಚಿಕಾಗೊದಿಂದ ಬಂದ ಇಪ್ಪತ್ತೈದರ ಬರ್ಟ್ ಹೂಟನ್ 18 ಪಂದ್ಯಗಳನ್ನು ಗೆದ್ದುಕೊಟ್ಟ. ತನ್ನ ಜಾಗ ಬೇರೆಯವರ ಪಾಲಾಗುತ್ತಿರುವುದನ್ನು ಕಂಡೂ ಟಾಮಿ ಜಾನ್ ಇಡೀ 1975ನೆಯ ವರ್ಷವನ್ನು ಚೇತರಿಕೆಗೇ ಮೀಸಲಿಟ್ಟ. ಶರೀರಚಲನೆಯ ಶಾಸ್ತ್ರವನ್ನು ಅಭ್ಯಾಸ ಮಾಡಿದ್ದ ಸಹ ಆಟಗಾರ ಮೈಕ್ ಮಾರ್ಷಲ್‌ನ ನೆರವಿನಿಂದ, ಕೀಲಿಗೆ ಹೊರೆ ಕಡಿಮೆಯಾಗುವಂತೆ ಎಸೆಯುವ ಕ್ರಮವನ್ನೇ ತಿದ್ದಿಕೊಂಡ. ಆತ ಮೊದಲಿನಿಂದಲೂ ವೇಗವನ್ನು ನಂಬಿದವನಲ್ಲ. ದಾಂಡಿಗನ ಬಳಿ ಚೆಂಡು ಕೆಳಕ್ಕೆ ಬಾಗುವಂತೆ ಮಾಡುವುದೇ ಆತನ ವಿದ್ಯೆ. ಆ ವಿದ್ಯೆ ಈಗ ನೆರವಿಗೆ ಬಂದಿತು.

1976ರ ಏಪ್ರಿಲ್‌ನಲ್ಲಿ ಆತ ಮರಳಿದಾಗ ಆ ವರ್ಷದ ಲೆಕ್ಕ 10 ಜಯ, 10 ಸೋಲು. ಮರುವರ್ಷ 20 ಜಯ. ಶಸ್ತ್ರಕ್ರಿಯೆಗೆ ಮೊದಲು ಯಾವ ಋತುವಿನಲ್ಲಿಯೂ ಆತ 20 ಪಂದ್ಯಗಳನ್ನು ಗೆದ್ದಿರಲಿಲ್ಲ. ಅನಂತರ ಮೂರು ಬಾರಿ ಗೆದ್ದ. ಒಟ್ಟು 288 ಜಯಗಳಲ್ಲಿ 124 ಮಾತ್ರ ಹಳೆಯ ಮೊಣಕೈಯವು. ಉಳಿದ 164 ಹೊಸ ಮೊಣಕೈಯ ಸಂಪಾದನೆ. 1989ರಲ್ಲಿ ಆಟವನ್ನು ಬಿಟ್ಟಾಗ ಆತನ ವಯಸ್ಸು 46. ಆ ಶಸ್ತ್ರಕ್ರಿಯೆಗೆ ಇಂದು ವೈದ್ಯನ ಹೆಸರಿಲ್ಲ, ರೋಗಿಯ ಹೆಸರಿದೆ. ಜಗತ್ತಿನಾದ್ಯಂತ ಅದನ್ನು 'ಟಾಮಿ ಜಾನ್ ಶಸ್ತ್ರಚಿಕಿತ್ಸೆ' ಎಂದೇ ಕರೆಯುತ್ತಾರೆ.

ಕರ್ಷಾ: ಸ್ಥಾನ ಇಳಿದರೂ ಮಾನ ಇಳಿಯಲಿಲ್ಲ

ಮೂರನೆಯವನಾದ ಕ್ಲೇಟನ್ ಕರ್ಷಾ 1988ರಲ್ಲಿ ಡಲ್ಲಾಸ್‌ನಲ್ಲಿ ಹುಟ್ಟಿದವನು. 2008ರ ಮೇ ತಿಂಗಳಲ್ಲಿ, ಇಪ್ಪತ್ತರ ಎಳೆಹರೆಯದಲ್ಲಿ, ಡಾಜರ್ಸ್ ತಂಡದ ದಿಬ್ಬವನ್ನೇರಿದ. ಶ್ರೇಷ್ಠ ಎಸೆತಗಾರನಿಗೆ ಸಲ್ಲುವ 'ಸೈ ಯಂಗ್' ಪ್ರಶಸ್ತಿಯನ್ನು 2011, 2013 ಮತ್ತು 2014ರಲ್ಲಿ ಪಡೆದ. 2014ರಲ್ಲಿ 21 ಜಯ, 3 ಸೋಲು. ಒಂಬತ್ತು ಇನ್ನಿಂಗ್ಸ್‌ಗೆ ಸರಾಸರಿ ಬಿಟ್ಟುಕೊಟ್ಟ ಓಟ 1.77. ಆ ವರ್ಷದ ಆರಂಭದಲ್ಲಿ ತಂಡವು ಆತನೊಡನೆ ಏಳು ವರ್ಷಗಳಿಗೆ 21 ಕೋಟಿ 50 ಲಕ್ಷ ಡಾಲರುಗಳ ಕರಾರು ಮಾಡಿಕೊಂಡಿತ್ತು.

ಅನಂತರ ಸವಕಳಿಯ ಲೆಕ್ಕ ಆರಂಭವಾಯಿತು. 2016ರಲ್ಲಿ ಬೆನ್ನುಮೂಳೆಯ ಬಿಲ್ಲೆ ಜರುಗಿ ಎರಡು ತಿಂಗಳಿಗೂ ಮಿಕ್ಕಿ ವಿಶ್ರಾಂತಿ. ಮರುವರ್ಷ ಮತ್ತೆ ಬೆನ್ನು. 2018ರಲ್ಲಿ ತೋಳಿನ ಸ್ನಾಯುರಜ್ಜುವಿನ ಉರಿಯೂತ. 2021ರಲ್ಲಿ ಮುಂದೋಳಿನ ನೋವಿನಿಂದ ಋತುವಿನ ಕೊನೆಯ ಮುಖ್ಯ ಪಂದ್ಯಗಳೆಲ್ಲ ತಪ್ಪಿದವು. 2023ರ ಅಕ್ಟೋಬರ್‌ನಲ್ಲಿ ಅರಿಜೋನಾ ತಂಡದ ಎದುರು ಒಬ್ಬನೇ ಒಬ್ಬ ದಾಂಡಿಗನನ್ನು ಔಟ್ ಮಾಡುವಷ್ಟರಲ್ಲಿ ಆರು ಓಟಗಳನ್ನು ಕೊಟ್ಟು ಕೆಳಗಿಳಿದ. ಮುಂದಿನ ತಿಂಗಳೇ ಎಡಭುಜದ ಶಸ್ತ್ರಚಿಕಿತ್ಸೆ. 2024ರ ಜುಲೈನಲ್ಲಿ ಮರಳಿ ಬಂದು ಏಳು ಪಂದ್ಯಗಳನ್ನು ಆಡುವಷ್ಟರಲ್ಲಿ ಎಡಗಾಲಿನ ಹೆಬ್ಬೆರಳು ಕೈಕೊಟ್ಟಿತು. ಆ ವರ್ಷ ತಂಡ ಅಂತಿಮ ಸರಣಿಯನ್ನು ಗೆದ್ದಾಗ ಕರ್ಷಾ ಆಡುವವರ ಪಟ್ಟಿಯಲ್ಲಿರಲಿಲ್ಲ. ನವೆಂಬರಿನಲ್ಲಿ ಎಡಪಾದಕ್ಕೂ ಎಡಮೊಣಕಾಲಿಗೂ ಶಸ್ತ್ರಚಿಕಿತ್ಸೆಯಾಯಿತು. ಬಲವು ಕಾಲಿನಿಂದ ಹುಟ್ಟುತ್ತದೆಂಬ ಮಾತನ್ನು ಇಲ್ಲಿ ನೆನೆಯಬೇಕು. ಹೆಬ್ಬೆರಳಿನ ನೋವು ಕೂಡ ಎಸೆತಗಾರನನ್ನು ಮನೆಗೆ ಕಳುಹಿಸಬಲ್ಲದು.

ಅಷ್ಟರಲ್ಲಿ ತಂಡಕ್ಕೆ ಹೊಸಬರ ದಂಡೇ ಬಂದಿತ್ತು. ಜಪಾನಿನಿಂದ 1998ರಲ್ಲಿ ಹುಟ್ಟಿದ ಯೊಶಿನೊಬು ಯಾಮಾಮೊಟೊ, 2001ರಲ್ಲಿ ಹುಟ್ಟಿದ ರೋಕಿ ಸಾಸಾಕಿ; ಎಸೆತದಲ್ಲಿಯೂ ದಾಂಡಿನಲ್ಲಿಯೂ ಅಸಾಮಾನ್ಯನಾದ ಶೋಹೆ ಓತಾನಿ; ಬೇರೆ ತಂಡಗಳಿಂದ ಬಂದ ಟೈಲರ್ ಗ್ಲಾಸ್ನೋ, ಬ್ಲೇಕ್ ಸ್ನೆಲ್. ಕರ್ಷಾನ ವೇಗದ ಎಸೆತವು ತರುಣ್ಯದಲ್ಲಿ ಗಂಟೆಗೆ ಸುಮಾರು 150 ಕಿಲೋಮೀಟರ್ ಇದ್ದದ್ದು 143ರ ಆಸುಪಾಸಿಗೆ ಇಳಿದಿತ್ತು. ಕಿರಿಯರಲ್ಲಿ ಕೆಲವರು 160ನ್ನು ಮುಟ್ಟುತ್ತಿದ್ದರು.

2025ರಲ್ಲಿ ಕರ್ಷಾ ಒಪ್ಪಿಕೊಂಡ ಖಾತರಿಯ ಸಂಬಳ 75 ಲಕ್ಷ ಡಾಲರ್. ಆಡಿದಷ್ಟು ಪಂದ್ಯಗಳಿಗೆ ತಕ್ಕಂತೆ ಮೇಲುಪಾವತಿ. ಹಳೆಯ ಕರಾರಿನ ವಾರ್ಷಿಕ ಸರಾಸರಿಯ ಕಾಲು ಭಾಗಕ್ಕಿಂತಲೂ ಇದು ಕಡಿಮೆ. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬ ಗಾದೆಯನ್ನು ಆತ ಕೇಳಿರಲಾರ, ನಡೆದು ತೋರಿಸಿದನೆನ್ನಬಹುದು. ಮೇ ತಿಂಗಳ ಮಧ್ಯದವರೆಗೆ ಆತುರಪಡದೆ ಚೇತರಿಸಿಕೊಂಡು ಮೈದಾನಕ್ಕಿಳಿದ. ಆ ವೇಳೆಗೆ ಗಾಯಗೊಂಡು ಹೊರಗಿದ್ದವರು ಯಾರು? ಸ್ನೆಲ್, ಗ್ಲಾಸ್ನೋ, ಸಾಸಾಕಿ! ಮೊಣಕೈಗೆ 2018ರಲ್ಲಿಯೂ 2023ರಲ್ಲಿಯೂ ಶಸ್ತ್ರಕ್ರಿಯೆ ಮಾಡಿಸಿಕೊಂಡಿದ್ದ ಓತಾನಿ ಜೂನ್‌ವರೆಗೆ ಪಂದ್ಯದಲ್ಲಿ ಚೆಂಡನ್ನು ಎಸೆಯುವಂತೆಯೇ ಇರಲಿಲ್ಲ. ಮೂವತ್ತೇಳರ ಕರ್ಷಾ ವೇಗವಿಲ್ಲದ ಕೊರತೆಯನ್ನು ಚೆಂಡನ್ನು ಬೇಕಾದ ಕಡೆಗೆ ಇಡುವ ಜಾಣ್ಮೆಯಿಂದ ತುಂಬಿಕೊಂಡು, ಆ ಋತುವಿನಲ್ಲಿ 11 ಜಯ ತಂದು ಎರಡೇ ಬಾರಿ ಸೋತ. ಜುಲೈ 2ರಂದು 3000ನೆಯ ಸ್ಟ್ರೈಕ್‌ಔಟ್ ಪಡೆದ. ಬೇಸ್‌ಬಾಲಿನ ಇತಿಹಾಸದಲ್ಲಿ ಆ ಸಂಖ್ಯೆಯನ್ನು ಮುಟ್ಟಿದವರಲ್ಲಿ ಆತ ಇಪ್ಪತ್ತನೆಯವನು, ಎಡಗೈಯವರಲ್ಲಿ ನಾಲ್ಕನೆಯವನು.

ಸೆಪ್ಟೆಂಬರ್ ಮುಗಿಯುವಷ್ಟರಲ್ಲಿ ಕಿರಿಯರೆಲ್ಲ ಗುಣಮುಖರಾಗಿ ಮರಳಿದ್ದರು. 18ರಂದು ಕರ್ಷಾ ಋತುವಿನ ಕೊನೆಗೆ ನಿವೃತ್ತನಾಗುವುದಾಗಿ ತಿಳಿಸಿದ. ಅಂತಿಮ ಹಂತದ ಮೊದಲ ಸರಣಿಗೆ ಆತನ ಹೆಸರು ಪಟ್ಟಿಯಲ್ಲಿರಲಿಲ್ಲ. ಎರಡನೆಯ ಸರಣಿಯಲ್ಲಿ ಫಿಲಡೆಲ್ಫಿಯಾ ಎದುರು ಎರಡು ಇನ್ನಿಂಗ್ಸ್ ಎಸೆದು ಐದು ಓಟಗಳನ್ನು ಕೊಟ್ಟ. ಒಂದು ಕಾಲದ ಅಗ್ರಗಣ್ಯನಿಗೆ ಇದು ಕಹಿಯಾದ ಮಾತ್ರೆಯೇ ಸರಿ. ಆದರೂ ಆತ ಮೂಲೆ ಹಿಡಿಯಲಿಲ್ಲ. ಕರೆ ಬಂದಾಗ ಸಿದ್ಧನಾಗಿರುವುದೇ ತನ್ನ ಕೆಲಸವೆಂದು ತಿಳಿದ.

ಆ ಕರೆ ಅಕ್ಟೋಬರ್ 27ರ ರಾತ್ರಿ ಬಂದಿತು. ಟೊರಾಂಟೊ ಎದುರಿನ ಅಂತಿಮ ಸರಣಿಯ ಮೂರನೆಯ ಪಂದ್ಯ. ಒಂಬತ್ತು ಇನ್ನಿಂಗ್ಸ್‌ಗಳಲ್ಲಿ ಮುಗಿಯಬೇಕಾದ ಆಟ ಸಮಸಮವಾಗಿ ಹನ್ನೆರಡನೆಯದಕ್ಕೆ ಸಾಗಿತ್ತು. ಎದುರಾಳಿಗಳು ಮೂರೂ ನೆಲೆಗಳಲ್ಲಿ ಓಡಲು ಸಿದ್ಧರಾಗಿ ನಿಂತಿದ್ದರು. ಒಂದು ತಪ್ಪು ಎಸೆತ ಸಾಕು, ಪಂದ್ಯ ಕೈತಪ್ಪುವ ಭೀತಿ. ಇಪ್ಪತ್ತೈದರ ಎಮೆಟ್ ಶೀಹನ್‌ನಿಂದ ಚೆಂಡನ್ನು ಪಡೆದು ಕರ್ಷಾ ಒಬ್ಬನೇ ದಾಂಡಿಗನಿಗೆ ಎಂಟು ಎಸೆತಗಳನ್ನು ಎಸೆದ. ಎಂಟನೆಯದರಲ್ಲಿ ದಾಂಡಿಗ ಔಟಾದ. ಅಷ್ಟೇ ಕೆಲಸ. ಪಂದ್ಯವು ಹದಿನೆಂಟನೆಯ ಇನ್ನಿಂಗ್ಸ್‌ವರೆಗೆ ಎಳೆದು ಡಾಜರ್ಸ್ ಗೆದ್ದಿತು. ನವೆಂಬರ್ 1ರಂದು ಏಳನೆಯ ಪಂದ್ಯದ ಕೊನೆಯಲ್ಲಿ ದಿಬ್ಬದ ಮೇಲೆ ನಿಂತು ಸರಣಿಯನ್ನು ಗೆದ್ದುಕೊಟ್ಟವನು ಹಿಂದಿನ ದಿನವಷ್ಟೇ ಆರು ಇನ್ನಿಂಗ್ಸ್ ಎಸೆದಿದ್ದ ಯಾಮಾಮೊಟೊ. ಆ ಹೊತ್ತಿನಲ್ಲಿ ಕರ್ಷಾ ಮೈದಾನದ ಅಂಚಿನಲ್ಲಿ, ಅಗತ್ಯ ಬಿದ್ದರೆಂದು, ಕೈಯನ್ನು ಸಡಿಲಗೊಳಿಸಿಕೊಳ್ಳುತ್ತಿದ್ದ. ಹದಿನೆಂಟು ಋತುಗಳು, ಒಂದೇ ತಂಡ, 223 ಜಯ, 3052 ಸ್ಟ್ರೈಕ್‌ಔಟ್ - ಇದು ಆತನ ಅಂತಿಮ ಆಯವ್ಯಯ.

ಕನ್ನಡ ನಾಡಿನ ನಿದರ್ಶನ

ಇಂಥ ಕಥೆಗಾಗಿ ಕನ್ನಡಿಗರು ಅಮೆರಿಕದವರೆಗೇ ಹೋಗಬೇಕಾಗಿಲ್ಲ. ಬೆಂಗಳೂರಿನ ಅನಿಲ್ ಕುಂಬ್ಳೆಯವರು ಬಲಭುಜದ ಶಸ್ತ್ರಚಿಕಿತ್ಸೆಯಿಂದಾಗಿ 2001ರ ಆಸ್ಟ್ರೇಲಿಯಾ ಸರಣಿಯಲ್ಲಿ ಆಡಲಾಗಲಿಲ್ಲ. ಆ ಮೂರು ಟೆಸ್ಟ್‌ಗಳಲ್ಲಿ ಇಪ್ಪತ್ತರ ಹರ್ಭಜನ್ ಸಿಂಗ್ 32 ವಿಕೆಟ್‌ಗಳನ್ನು ಉರುಳಿಸಿ ದೇಶದ ಕಣ್ಮಣಿಯಾದರು. ಕುಂಬ್ಳೆಯವರ ಕಾಲ ಮುಗಿಯಿತೆಂದವರು ಹಲವರು. 2003-04ರಲ್ಲಿ ಆಸ್ಟ್ರೇಲಿಯಾದ ನೆಲದಲ್ಲಿ ಹರ್ಭಜನ್ ಬೆರಳಿನ ತೊಂದರೆಯಿಂದ ಹಿಂದಿರುಗಬೇಕಾದಾಗ, ಕುಂಬ್ಳೆಯವರು ಮೂರು ಟೆಸ್ಟ್‌ಗಳಲ್ಲಿ 24 ವಿಕೆಟ್‌ಗಳನ್ನು ಪಡೆದರು. 2008ರ ನವೆಂಬರಿನಲ್ಲಿ ದೆಹಲಿಯಲ್ಲಿ ನಿವೃತ್ತರಾದಾಗ ಅವರ ಖಾತೆಯಲ್ಲಿ 619 ವಿಕೆಟ್‌ಗಳಿದ್ದವು. ಗಾಯವು ಹಿರಿಯರ ಸೊತ್ತಲ್ಲ, ಕಿರಿಯರನ್ನೂ ಬಿಡದು. ಹಿರಿಯನು ಸಿದ್ಧನಿದ್ದರೆ ತಂಡಕ್ಕೆ ಆತನ ಅಗತ್ಯ ಬಿದ್ದೇ ಬೀಳುತ್ತದೆ.

ಗೃಹಸ್ಥರಿಗೆ ಕೆಲವು ಪಾಠಗಳು

ನಗರವಾಸಿಗಳಾದ ಕನ್ನಡಿಗರಲ್ಲಿ ಬೇಸ್‌ಬಾಲ್ ಆಡುವವರು ಇಲ್ಲವೆಂದೇ ಹೇಳಬಹುದು. ಆದರೆ ಭುಜ, ಮೊಣಕೈ, ಬೆನ್ನು, ಮೊಣಕಾಲು ಎಲ್ಲರಿಗೂ ಇವೆ. ಲೋಕಲ್ ರೈಲಿನಲ್ಲಿ ಒಂದು ಕೈಯಿಂದ ಹಿಡಿ ಹಿಡಿದು ಗಂಟೆಗಟ್ಟಲೆ ನಿಲ್ಲುವವರು, ಕಚೇರಿಯಲ್ಲಿ ಕುತ್ತಿಗೆ ಬಾಗಿಸಿ ಕೂರುವವರು, ಮೂರನೆಯ ಮಹಡಿಗೆ ಚೀಲ ಹೊರುವ ಗೃಹಿಣಿಯರು ಇವರೆಲ್ಲರ ಕೀಲುಗಳೂ ದಿನನಿತ್ಯ ಸವೆಯುತ್ತಿರುತ್ತವೆ. ಆದುದರಿಂದ ಕೆಳಗಿನ ವಿಷಯಗಳು ಮನನೀಯ.

1. ನೋವನ್ನು ಮುಚ್ಚಿಡುವುದು ಚಿಕಿತ್ಸೆಯಲ್ಲ. ನೋವುನಿವಾರಕ ಗುಳಿಗೆ ನುಂಗಿ ಅದೇ ಕೆಲಸವನ್ನು ಮುಂದುವರಿಸುವುದೆಂದರೆ ಖಾತೆಯಲ್ಲಿ ಹಣವಿಲ್ಲದೆ ಚೆಕ್ ಬರೆಯುತ್ತ ಹೋದಂತೆ. ದುಡಿಮೆಯ ಅನಂತರದ ಮೈಕೈನೋವು ಎರಡು ಮೂರು ದಿನಗಳಲ್ಲಿ ಇಳಿಯುತ್ತದೆ. ಕೀಲಿನೊಳಗೆ ಚುಚ್ಚುವ ನೋವು, ಊತ, ಬೆರಳುಗಳ ಜುಮುಗುಡುವಿಕೆ, ರಾತ್ರಿ ನಿದ್ದೆ ಕೆಡಿಸುವ ಭುಜನೋವು ಇವು ವೈದ್ಯರನ್ನು ಕಾಣಬೇಕಾದ ಸೂಚನೆಗಳು.

2. ನಲವತ್ತರಿಂದ ಅರುವತ್ತರವರೆಗಿನವರಲ್ಲಿ ಭುಜ ಬಿಗಿದುಕೊಂಡು ಕೈ ಮೇಲೆತ್ತಲಾಗದ ಸ್ಥಿತಿ ಸಾಮಾನ್ಯ. ಮಧುಮೇಹಿಗಳಲ್ಲಿ ಇದು ಇನ್ನೂ ಹೆಚ್ಚು. ತಾನಾಗಿ ಸಡಿಲವಾಗಲು ಒಂದರಿಂದ ಮೂರು ವರ್ಷಗಳು ಬೇಕಾಗಬಹುದು. ಬೇಗನೆ ವೈದ್ಯರ ಸಲಹೆ ಪಡೆದು, ಸಕ್ಕರೆಯನ್ನು ಹತೋಟಿಯಲ್ಲಿಟ್ಟು, ಹೇಳಿದ ವ್ಯಾಯಾಮವನ್ನು ಬಿಡದೆ ಮಾಡಿದರೆ ಕಷ್ಟ ತಗ್ಗುತ್ತದೆ. ಧೂಮಪಾನವು ರಜ್ಜುಗಳ ಮಾಯುವಿಕೆಗೆ ಅಡ್ಡಿಯೆಂಬುದನ್ನೂ ಮರೆಯಬಾರದು.

3. ಶಸ್ತ್ರಚಿಕಿತ್ಸೆ ಅರ್ಧ ಕೆಲಸ. ಉಳಿದರ್ಧ ಅನಂತರದ ಅಂಗಸಾಧನೆ. ಟಾಮಿ ಜಾನ್‌ನ ಗೆಲುವು ಒಂದು ವರ್ಷದ ತಾಳ್ಮೆಯ ಫಲ. ರಜೆ ಮುಗಿಯಿತೆಂದು, ನೋವು ಇಳಿಯಿತೆಂದು ಫಿಸಿಯೋಥೆರಪಿಯನ್ನು ನಡುವೆ ನಿಲ್ಲಿಸುವವರು ಮತ್ತೆ ಆಸ್ಪತ್ರೆಗೆ ಬರುವ ಸಂಭವ ಹೆಚ್ಚು.

4. ವರ್ಷವಿಡೀ ಕುರ್ಚಿಯಲ್ಲಿ ಕುಳಿತು, ಸಂಘದ ವಾರ್ಷಿಕ ಕ್ರೀಡಾದಿನದಂದು ಒಮ್ಮೆಗೇ ಥ್ರೋಬಾಲ್, ಕ್ರಿಕೆಟ್, ಹಗ್ಗಜಗ್ಗಾಟಗಳಿಗೆ ಇಳಿಯುವುದು ಅಪಾಯ. ಮೊದಲೇ ಕೆಲವು ವಾರ ನಡಿಗೆ, ಲಘುವ್ಯಾಯಾಮಗಳಿಂದ ಮೈಯನ್ನು ಹದಗೊಳಿಸಿಕೊಳ್ಳಬೇಕು. ವಾರಕ್ಕೆ ಕನಿಷ್ಠ 150 ನಿಮಿಷಗಳ ಮಧ್ಯಮ ವ್ಯಾಯಾಮ ಹಾಗೂ ಎರಡು ದಿನ ಸ್ನಾಯುಗಳನ್ನು ಬಲಪಡಿಸುವ ಸಾಧನೆ ಅಗತ್ಯವೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ತೋಳು ಚೆನ್ನಾಗಿರಬೇಕಾದರೆ ಕಾಲು, ಸೊಂಟ ಗಟ್ಟಿಯಾಗಿರಬೇಕು.

5. ಮಕ್ಕಳ ವಿಷಯದಲ್ಲಿ ವಿಶೇಷ ಎಚ್ಚರ ಬೇಕು. ಬೆಳೆಯುವ ವಯಸ್ಸಿನಲ್ಲಿ ಮೊಣಕೈಯ ಮೂಳೆಗಳ ಅಂಚು ಇನ್ನೂ ಮೃದ್ವಸ್ಥಿಯಾಗಿರುತ್ತದೆ. ಅಮೆರಿಕದಲ್ಲಿ 2014ರಿಂದ ಎಳೆಯ ಎಸೆತಗಾರರಿಗೆ ದಿನದ ಮಿತಿಯನ್ನು ಸೂಚಿಸಿದ್ದಾರೆ: 9-10 ವಯಸ್ಸಿನವರಿಗೆ 75 ಎಸೆತ, 11-12ರವರಿಗೆ 85; ಹೆಚ್ಚು ಎಸೆದ ದಿನದ ಬಳಿಕ ಕಡ್ಡಾಯ ವಿಶ್ರಾಂತಿ. ಮಗನನ್ನೋ ಮಗಳನ್ನೋ ಕ್ರಿಕೆಟ್ ತರಬೇತಿಗೆ ಕಳುಹಿಸುವ ತಂದೆತಾಯಿಗಳು ವರ್ಷವಿಡೀ ಒಂದೇ ಆಟಕ್ಕೆ ಕಟ್ಟಿಹಾಕದೆ, ವರ್ಷದಲ್ಲಿ ಕೆಲವು ತಿಂಗಳಾದರೂ ಎಸೆಯುವ ಕೈಗೆ ಬಿಡುವು ಕೊಡಬೇಕು. 'ಕೈ ನೋಯುತ್ತದೆ' ಎಂಬ ಮಗುವಿನ ಮಾತನ್ನು ಸೋಮಾರಿತನವೆಂದು ತಳ್ಳಿಹಾಕಬಾರದು.

ಹಿರಿತನದ ಲೆಕ್ಕ

ಮನಸ್ಸಿನ ಆರೋಗ್ಯವೂ ಆರೋಗ್ಯವೇ. ಕಚೇರಿಗಳಲ್ಲಿ ಲೆಡ್ಜರುಗಳ ಬದಲು ಗಣಕಯಂತ್ರಗಳು ಬಂದಾಗ, ಕೈಬರಹದ ಅಂದಕ್ಕೆ ಹೆಸರಾಗಿದ್ದ ಎಷ್ಟೋ ಹಿರಿಯ ಗುಮಾಸ್ತರು ರಾತ್ರೋರಾತ್ರಿ ಹಿಂದುಳಿದವರಾದರು. ಕೆಲವರು ಮುನಿಸಿಕೊಂಡು ರಕ್ತದೊತ್ತಡ ಹೆಚ್ಚಿಸಿಕೊಂಡರು. ಇನ್ನು ಕೆಲವರು ಹೊಸಬರ ಬಳಿ ಕುಳಿತು ಯಂತ್ರವನ್ನು ಕಲಿತು, ಲೆಕ್ಕ ಎಲ್ಲಿ ತಪ್ಪೀತೆಂಬ ತಮ್ಮ ಅನುಭವವನ್ನು ಹೊಸಬರಿಗೆ ಕೊಟ್ಟರು. ಎರಡನೆಯ ಬಗೆಯವರು ನಿವೃತ್ತಿಯ ದಿನದವರೆಗೂ ಬೇಕಾದವರಾಗಿಯೇ ಉಳಿದರು.

ಕೋಫ್ಯಾಕ್ಸ್‌ಗೆ ವಿಜ್ಞಾನ ನೆರವಾಗಲಿಲ್ಲ. ಆದುದರಿಂದ ಆತ ಕೈಯನ್ನು ಉಳಿಸಿಕೊಳ್ಳಲು ಆಟವನ್ನು ಬಿಟ್ಟ. ಟಾಮಿ ಜಾನ್‌ಗೆ ವಿಜ್ಞಾನ ನೆರವಾಯಿತು. ಆತ ಅದಕ್ಕೆ ತಾಳ್ಮೆಯನ್ನು ಕೂಡಿಸಿದ. ಕರ್ಷಾನಿಗೆ ವಿಜ್ಞಾನವೂ ತಾಳ್ಮೆಯೂ ಇದ್ದವು, ವಯಸ್ಸು ಮಾತ್ರ ಇರಲಿಲ್ಲ. ಆತ ಉಳಿದ ಬಲಕ್ಕೆ ತಕ್ಕ ಕೆಲಸವನ್ನು ಒಪ್ಪಿಕೊಂಡ. ಒಂದು ಕಾಲದಲ್ಲಿ ಇಡೀ ಪಂದ್ಯವನ್ನೇ ಹೊರುತ್ತಿದ್ದವನು ಕೊನೆಗೆ ಎಂಟು ಎಸೆತಗಳಿಗಾಗಿ ಕಾದು ಕುಳಿತ. ಆ ಎಂಟು ಎಸೆತಗಳಿಲ್ಲದಿದ್ದರೆ ಅಂದಿನ ಪಂದ್ಯ ತಂಡದ ಕೈಬಿಟ್ಟು ಹೋಗುವ ಸಂಭವವಿತ್ತು.

ಶರೀರದ ಸವಕಳಿಯನ್ನು ಯಾವ ಜಮಾಖರ್ಚಿನಿಂದಲೂ ಅಳಿಸಲಾಗದು. ಕಾಲಕಾಲಕ್ಕೆ ತಪಾಸಣೆ, ಹಿತಮಿತವಾದ ದುಡಿಮೆ, ಸಾಕಷ್ಟು ನಿದ್ದೆ, ಬಿಡದ ವ್ಯಾಯಾಮ ಇವುಗಳಿಂದ ಅದನ್ನು ನಿಧಾನಗೊಳಿಸಬಹುದು. ಉಳಿದ ಬಂಡವಾಳವನ್ನು ಎಲ್ಲಿ ಹೂಡಬೇಕೆಂಬುದನ್ನು ವಿವೇಕದಿಂದ ಆರಿಸಿಕೊಳ್ಳಬಹುದು. ಊರು ಬಿಟ್ಟು ಬಂದು ಮಹಾನಗರಗಳಲ್ಲಿ ಬಾಳು ಕಟ್ಟಿದ ಕನ್ನಡಿಗರು ಹಣದ ಉಳಿತಾಯದಲ್ಲಿ ಹಿಂದೆ ಬಿದ್ದವರಲ್ಲ. ಅದೇ ಶ್ರದ್ಧೆಯನ್ನು ತೋಳು, ಕಾಲು, ಬೆನ್ನುಗಳ ಕಡೆಗೂ ತಿರುಗಿಸಿದರೆ, ಕೂಡಿಟ್ಟ ಹಣವನ್ನು ನೆಮ್ಮದಿಯಿಂದ ಅನುಭವಿಸುವ ಕಾಲವೂ ಅವರಿಗೆ ದೊರೆಯುತ್ತದೆ.